ಅರೇಹಳ್ಳಿಯ ಗುಂಡು ಬೀಜ

ಡಿಸೆಂಬರ್ 29, ಬೆಳಗ್ಗೆ 7

ಎರಡನೇ ಸಲ ಹುರಿದದ್ದು ನಿನ್ನೆಗಿಂತ ವಾಸಿ. ಅರೇಹಳ್ಳಿಯ ಭೀಮರಾಜ್ ಅವರ ತೋಟದ ಗುಂಡು ಕಾಫಿ ಬೀಜ — ಹಣ್ಣಿನೊಳಗೆ ಎರಡರ ಬದಲು ಒಂದೇ ಕಟ್ಟಿದ್ದು. ಅದನ್ನಷ್ಟೇ ಆರಿಸಿ, ಬೇರೆ ತೋಟದ್ದು ಬೆರೆಸದೆ ಹುರಿಯುತ್ತಿದ್ದೇನೆ. ಇವರು ಸ್ನಾನ ಮುಗಿಸಿ ಬಂದು ಲೋಟ ಎತ್ತಿದರು. ಕುಡಿದು ನನ್ನ ಮುಖ ನೋಡಿದರು.

"ಏನೋ ಹಣ್ಣಿದೆ ಕಣೇ."

"ಹಲಸಾ?"

"ಅದೇ. ತೊಳೆ ಬಿಡಿಸಿದ ಹಾಗಿದೆ."

ಬೆಂಗಳೂರಿನ ಕೆಫೆಗೆ ಜನವರಿ ಕೊನೆಗೆ ಬೇಕಂತೆ, ಪ್ಯಾಕೆಟ್ ಮೇಲೆ ಯಾವುದರ ರುಚಿ ಬರುತ್ತದೆಂದು ಬರೆದು. ಇವರು ಒಪ್ಪದೆ ಒಂದು ಪ್ಯಾಕೆಟ್ಟೂ ಅರಸೀಕೆರೆ ದಾಟುವುದಿಲ್ಲ. ನನ್ನ ನಾಲಿಗೆ ನಂಬುವ ಧೈರ್ಯ ನನಗಿಲ್ಲ.

ಜನವರಿ 3

ಇವತ್ತು ಸೀದುಹೋಯಿತು. ಇವರು ಮಾತ್ರ ಚೆನ್ನಾಗಿದೆ ಎಂದರು. ರೇಗಿತು. "ನಿಮ್ಮ ಬಾಯಿ ಕೆಟ್ಟಿದೆ ಕಣ್ರೀ" ಎಂದೆ. ನಕ್ಕರು. ನಾಳೆ ತಾವೇ ಅರೇಹಳ್ಳಿಗೆ ಹೋಗಿ ಇನ್ನಷ್ಟು ಬೀಜ ತರುತ್ತಾರಂತೆ.

ಜನವರಿ 19

ನಾಲ್ಕನೇ ತಾರೀಕು. ಜಾವಗಲ್ ಹತ್ತಿರ ಬೈಕಿಗೆ ಲಾರಿ... ಇವರು ಹೋದರು.

ಹದಿನಾಲ್ಕಕ್ಕೆ ಶಿವಗಣಾರಾಧನೆ. ಇವರ ಫೋಟೋ ಮುಂದೆ ಎಡೆ ಇಡುವಾಗ ಅತ್ತೆ ಇನ್‌ಸ್ಟಂಟ್ ಪುಡಿ ಹಾಲಿಗೆ ಕದಡಿ ತಂದರು. ನೆಂಟರ ಎದುರೇ ಕೂಗಾಡಿಬಿಟ್ಟೆ. ಇವರಿಗೆ ಇಂಥ ಕಾಫಿಯಾ? ಅತ್ತೆ ಲೋಟ ಒಳಗೆ ಒಯ್ದರು. ಇವತ್ತು ಎಲ್ಲರೂ ಹೋದ ಮೇಲೆ ಹೇಳಿದರು.

"ನನ್ ಮಗ ಇಂದುಗೆ ಎಲ್ಲಾ ಕಾಫಿನೂ ಒಂದೇ ಆಗಿತ್ತು ಕಣವ್ವ ಅರುಣ. ಕೊರೋನಾ ಬಂದ್ ಹೋದ್ಮೇಲೆ ವಾಸ್ನೆ, ರುಚಿ ಎರಡೂ ವಾಪಸ್ ಬರ್ಲೇ ಇಲ್ಲ. ಬಿಸಿ ಇದ್ರೆ ಸಾಕಾಗಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಸ್ಕೂಲ್ ಕೆಲ್ಸ ಬಿಟ್ಟು, ನನ್ ಬಾಯಿ ನಂಬ್ಕೊಂಡು ಹುರಿಯೋ ಮಿಷನ್ ಹಾಕ್ಸವ್ಳೆ, ಗೊತ್ತಾದ್ರೆ ನಿಲ್ಲಿಸ್ಬಿಡ್ತಾಳೆ ಅಂದ. ಆಣೆ ಹಾಕಿಸ್ಕೊಂಡಿದ್ದ."

ಜನವರಿ 23

ಹಳೆಯ ಡೈರಿಗಳನ್ನು ತೆಗೆದೆ. ಕಿತ್ತಳೆ. ಹುಣಸೆ. ಜೋನಿ ಬೆಲ್ಲ. ಪ್ರತಿ ಸಲವೂ ಮೊದಲು ಹೆಸರು ಹೇಳಿದ್ದು ನಾನು. ಇವರದು ಬರೀ "ಅದೇ". ಇಷ್ಟು ವರ್ಷ ನಾನೊಬ್ಬಳೇ ರುಚಿ ನೋಡಿದ್ದೇನೆ, ಇವರು ನನ್ನ ಮುಖ ನೋಡಿದ್ದಾರೆ. ಸಿಟ್ಟು ಬರುತ್ತಿದೆ. ಯಾರ ಮೇಲೆ ತೀರಿಸಿಕೊಳ್ಳಲಿ? ಬಾಯಿ ಕೆಟ್ಟಿದೆ ಎಂದೆನಲ್ಲ, ಅದೂ ಇವರು ಹೋಗುವ ಹಿಂದಿನ ದಿನ. ಅಳು ನಿಲ್ಲುತ್ತಿಲ್ಲ.

ಜನವರಿ 28, ಬೆಳಗ್ಗೆ 11

ಕೆಫೆಯವರ ಫೋನ್. ಪ್ಯಾಕೆಟ್ ಮೇಲೆ ಏನು ಹಾಕೋಣ ಮೇಡಂ ಎಂದರು. ಮಧ್ಯಾಹ್ನ ಹೇಳುತ್ತೇನೆ ಎಂದೆ. ಹೊಸದಾಗಿ ಹುರಿದು, ಪುಡಿ ಮಾಡಿ, ಎರಡು ಲೋಟಕ್ಕೆ ಬಗ್ಗಿಸಿದೆ — ಅಭ್ಯಾಸ. ಇನ್ನೊಂದನ್ನು ಅತ್ತೆಗೆ ಕೊಟ್ಟೆ.

"ಚೆನ್ನಾಗೈತೆ."

"ನೀವೂ ಸುಳ್ಳು ಹೇಳಬೇಡಿ ಅತ್ತೆ."

"ಬರೀ ಕಹಿ ಕಣವ್ವ. ಹೆಂಗ್ ಕುಡೀತಿದ್ನೋ ನನ್ ಮಗ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ನಾನೂ ಕುಡಿದೆ. ಮೊದಲು ಹುಳಿ. ಅದರ ಹಿಂದೆ ಬೇರೆ ಏನೋ, ಮೆಲ್ಲಗೆ. ಹಿಂದೆಂದೂ ಸಿಗದ ರುಚಿ. ಹೆಸರು ಬಾಯಿಗೆ ಬಂತು. ಇದೇ ಅಲ್ವೇನ್ರೀ ಎಂದು ಕೇಳಲು ತಿರುಗಿದೆ. ಗೋಡೆಯಲ್ಲಿ ಇವರ ಫೋಟೋ.