ನಾನೇ ಹಳ್ಳ

ಅಣ್ಣಾ,

ಕಾರ್ಡಿನಲ್ಲಿ ಜಾಗ ಕಡಿಮೆ, ನನ್ನ ಜಂಬ ಜಾಸ್ತಿ. ಅತ್ತಿಗೆಗೂ ಓದಿ ಹೇಳು.

ಇಲ್ಲಿ ಹೊರದೇಶದ ನೆರವಿನಿಂದ ಜಮೀನು ಅಳೆದು, ಹಳ್ಳದ ಹೂಳು ತೆಗೆಸುವುದು ನಮ್ಮ ಕೆಲಸ. ಹಳ್ಳದ ಗಡಿಗೆ ಊರು ಒಪ್ಪದಿದ್ದರೆ ಎಲ್ಲಾ ಅಲ್ಲಿಗೇ ನಿಂತಂತೆ. ಇವತ್ತು ಶಾಲೆಯ ನೆಲದ ತುಂಬ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬರೆದೆ. ಪ್ರತಿ ಮನೆಯವರೂ ಬಂದು ತಮ್ಮ ತಮ್ಮ ಹೊಲದ ಮೇಲೆ ನಿಂತರು. ನೋಡಿದರೆ, ದಡದ ಹೊಲದವರೆಲ್ಲ ಹಳ್ಳದ ಜಾಗವೂ ತಮ್ಮದೇ ಎಂಬಂತೆ ಒಂದು ಕಾಲನ್ನು ಹಳ್ಳದೊಳಗೇ ಇಟ್ಟಿದ್ದಾರೆ! ಹೇಗಪ್ಪಾ ಹೇಳುವುದು ಅಂತ ನಾನು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವರಲ್ಲಿ ಅರ್ಧ ಜನರ ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ ಸೀದಾ ನಡುವೆ ಹೋಗಿ ನಿಂತು, "ನಾನೇ ಹಳ್ಳ. ಕಾಲು ತೆಗೀರೋ, ನಾನು ಹರೀಬೇಕು" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಾಲು ತೆಗೆದರು, ಆಮೇಲೆ ಗಡಿಯ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದರು.

ನೆಲದ ಮೇಲೆ ತೆವಳಿ ನನ್ನ ಮೊಣಕಾಲು ತರಚಿದೆ. ಮುಲಾಮು ಹಚ್ಚಿದ್ದೇನೆ, ಗಾಬರಿ ಬೇಡ.

ಚಿಕ್ಕಂದಿನಲ್ಲಿ ನನ್ನ ಬರಹಕ್ಕೆ ಕಾಗೆ ಕಾಲು, ಗುಬ್ಬಿ ಕಾಲು ಅಂತ ಅಣಕಿಸುತ್ತಿದ್ದೆಯಲ್ಲ? ಅದೇ ಕೈ ಎಳೆದ ಗೆರೆಗೆ ಇವತ್ತು ಒಂದು ಊರೇ ಕಾಲು ಹಿಂದಕ್ಕೆ ತೆಗೆಯಿತು, ತಿಳಿದುಕೋ!

ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ.

ನಿನ್ನ ಗುಬ್ಬಿಕಾಲಿನ ತಂಗಿ