ಖಾಲಿ ಹಾಳೆಗೆ ಐದು ಸಹಿ

೯ ನವೆಂಬರ್ ೧೯೯೬, ಶನಿವಾರ. ಶ್ರೀರಾಮಪುರ

ಮಂಗಳವಾರ, ಐದನೇ ತಾರೀಖು, ನಮ್ಮ ಪ್ರೆಸ್ಸು ಮೊಯ್ನಾ ಸರ್ದಾರಳ ಪುಸ್ತಕದಿಂದ ಒಂದು ಕವಿತೆ ಕಿತ್ತುಹಾಕಿತು. ಅವಳನ್ನು ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.

ಇಂದು ಎಂದಿನಂತೆ ಅಚ್ಚಾದ ಹಾಳೆ ಮಡಿಸಲು ಕುಳಿತಾಗ ಗೊತ್ತಾಯಿತು. ‘ಒಡ್ಡು’ ಇಲ್ಲ. ನದಿಯ ಒಡ್ಡು ಒಡೆದು ಅವಳ ಅಪ್ಪ ಕೊಚ್ಚಿಹೋದ ಕವಿತೆ. ಒಡ್ಡು ಕಟ್ಟಿದ ಗುತ್ತಿಗೆದಾರನ ಹೆಸರೂ ಅದರಲ್ಲಿತ್ತು.

ಏಪ್ರಿಲ್‌ನಲ್ಲಿ, ಪ್ರೆಸ್ಸು ನಡೆಸುವ ಸಂಘದ ನಾವು ಐವರೂ ಅದಕ್ಕೆ ಒಪ್ಪಿದ್ದೆವು. ನಮ್ಮ ರೂಢಿ ಅದೇ — ಕವಿಯ ಹೆಸರು ಹೇಳದೆ ಗಟ್ಟಿಯಾಗಿ ಓದುವುದು. ಒಬ್ಬರು ಬೇಡವೆಂದರೂ ಅಚ್ಚಿಲ್ಲ. ಹದಿನೇಳು ವರ್ಷ ಹೀಗೇ ನಡೆದಿದೆ. ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರಿನವರು ನನ್ನ ಕವಿತೆ ಗೀಚಿಹಾಕಿದ್ದರು. ಅವರಾದರೂ ಎದುರಿಗೆ ಕೂರಿಸಿಕೊಂಡು ಗೀಚಿದರು.

೧೦ ನವೆಂಬರ್

ಅಚ್ಚಿನ ಮೊಳೆ ಜೋಡಿಸುವ ನಿಖಿಲ್‌ದಾ ತಲೆ ಎತ್ತಲಿಲ್ಲ. “ಕಿತ್ತವನು ನಾನೇ, ಬಾನೀದಿ. ಕಾರ್ಯದರ್ಶಿ ಠರಾವು ತೋರ್ಸಿದ. ಐದೂ ಸಹಿ ಇತ್ತು. ನಿಮ್ದೂ.”

ಕಾರ್ಯದರ್ಶಿ ಶುಭ್ರಾಂಶುವಿನ ಮನೆಗೆ ಹೋದೆ.

“ಕೂತ್ಕೊಳ್ಳಿ ದೀದಿ. ಚಾ ತರಿಸ್ತೀನಿ.”

“ನಿನ್ನ ಚಾ ಹಾಗಿರಲಿ. ಸಭೆ ಯಾವಾಗ ಸೇರಿತ್ತಪ್ಪಾ?”

“ಆ ಗುತ್ತಿಗೆದಾರ ಕೋರ್ಟಿಗೆ ಎಳೀತಾನೆ. ಪ್ರೆಸ್ಸಿಗೇ ಬೀಗ ಬೀಳುತ್ತೆ. ಒಂದು ಕವಿತೆ ಹೋದ್ರೆ ಹೋಗ್ಲಿ ಅಂತ...”

“ನನ್ನ ಸಹಿ ಎಲ್ಲಿಂದ ಬಂತು?”

“ನೀವೇ ಹಾಕಿದ್ದಲ್ವಾ, ಜನವರೀಲಿ? ಮರೆತ್ರಾ?”

ಮರೆತಿಲ್ಲ. ಕಾನೂನಿನ ಪ್ರಕಾರ ಸಂಘ ಉಳಿಯಬೇಕಾದರೆ ಪ್ರತಿ ತಿಂಗಳೂ ಸಭೆ, ಐದು ಸಹಿ. ಐವರೂ ಐದು ಊರು. ಅದಕ್ಕೇ ಪ್ರತಿ ಜನವರಿಯಲ್ಲಿ ಸೇರಿ, ಸಂದೇಶ್ ಸಿಹಿ ತಿನ್ನುತ್ತಾ, ಹನ್ನೆರಡು ಖಾಲಿ ಹಾಳೆಗೂ ಸಹಿ ಹಾಕಿಬಿಡುವುದು; ಠರಾವನ್ನು ಕಾರ್ಯದರ್ಶಿ ಆಮೇಲೆ ಬರೆದುಕೊಳ್ಳುವುದು.

ಉಪಾಯ ಹೇಳಿಕೊಟ್ಟವಳು ನಾನೇ.

೨೪ ನವೆಂಬರ್

ಮೊಯ್ನಾ ಬಂದಿದ್ದಳು. ತನ್ನೂರು ಗೋಸಾಬಾದಿಂದ ದೋಣಿ, ಬಸ್ಸು, ಎರಡು ರೈಲು. ನಿಂತೇ ತನ್ನ ಪುಸ್ತಕದ ಪುಟ ತಿರುವಿದಳು. ಮತ್ತೆ ಹಿಂದಿನಿಂದ ತಿರುವಿದಳು.

“ನೀವೂ ಒಪ್ಪಿದ್ರಾ ದೀದಿ?”

“ಸಹಿ ನಂದು. ಒಪ್ಪಿಗೆ ನಂದಲ್ಲ ಕಣೇ.”

“ಒಡ್ಡು ಕಟ್ಟಿಸಿದೋರೂ ಹಿಂಗೇ ಅಂದ್ರು. ಕಾಗದದ ಮೇಲೆ ಮಣ್ಣೂ ಇತ್ತು, ಕಲ್ಲೂ ಇತ್ತು.”

ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೋದಳು.

೩೦ ನವೆಂಬರ್, ಮಧ್ಯಾಹ್ನ ೩

ಸಂಜೆ ಐದಕ್ಕೆ ಪುಸ್ತಕದ ಬಿಡುಗಡೆ. ಮೊಯ್ನಾ ಬರುವುದಿಲ್ಲವಂತೆ.

ನಿಖಿಲ್‌ದಾ ಬಾಗಿಲಲ್ಲಿ: “ಇವತ್ತೊಂದಿನ ಸುಮ್ನಿರಿ ದೀದಿ. ಪ್ರೆಸ್ಸು ಉಳ್ಕೊಳ್ಳುತ್ತೆ.”

“ಉಳ್ಕೊಂಡು ಏನು ಅಚ್ಚು ಹಾಕ್ತೀರಿ? ಮದುವೆ ಕಾಗದಾನಾ?”

ನಗಲಿಲ್ಲ. ನಾನೂ ನಗಲಿಲ್ಲ.

ಸಭೆಯಲ್ಲಿ ಓದುವುದನ್ನು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ನಾಲಗೆ ತೊದಲಬಾರದು.

ನಾನು ಬಾನೀ ಲಾಹಿರಿ. ಏನು ಬರೆಯುತ್ತಾರೆಂದು ಕೇಳದೆ ಎಂಟು ವರ್ಷ ಖಾಲಿ ಹಾಳೆಗೆ ಸಹಿ ಹಾಕಿದೆ. ಅದು ನನ್ನ ತಪ್ಪು. ಈಗ ಶುಭ್ರಾಂಶು, ನೀನು ಎದ್ದು ನಿಲ್ಲು. ಠರಾವಿನಲ್ಲಿ ‘ಸರ್ವಾನುಮತ’ ಎಂದು ಬರೆದಿದ್ದೀಯ. ಐವರು ಒಪ್ಪಿದ ಕವಿತೆಯನ್ನು ಬೇಡವೆಂದವರು ಯಾರು? ಇಷ್ಟು ಜನರೆದುರು, ಒಬ್ಬೊಬ್ಬರ ಹೆಸರು ಹಿಡಿದು ಹೇಳು.