ಮೇಸ್ತ್ರಿಯ ಅಂಗಿ

ಲಾಂಡ್ರಿಯಿಂದ,
ಮಾರ್ಚ್ ಒಂಬತ್ತು, ಶನಿವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಮಗನಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತಾ? ಜೈಲಿನ ಕಂಬಳಿ ಚುಚ್ಚುತ್ತದೆ ಎಂದಿದ್ದೆಯಲ್ಲ, ಚುಚ್ಚಲಿ. ನನ್ನ ಮಂಡಿನೋವು ಹಾಗೇ ಇದೆ. ಗುರುವಾರ ನಿನ್ನನ್ನು ಬಿಡುತ್ತಾರೆಂದು ಗೊತ್ತಾಯಿತು. ಸಂತೋಷವಾಗಬೇಕಿತ್ತು. ಆದರೆ ಮೈಯೆಲ್ಲ ಉರಿಯುತ್ತಿದೆ, ಹೇಳಿಕೊಳ್ಳದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ.

ಹೋದ ಸಲ ನೋಡಲು ಬಂದಾಗ ಕಂಬಿಯ ಆಚೆ ಎದೆಯುಬ್ಬಿಸಿ ಏನಂದೆ ನೀನು? “ನಿನಗೋಸ್ಕರಾನೇ ಹೊಡ್ದೆ ಅಮ್ಮಾ.” ಗೋದಾಮಿನ ಮೇಸ್ತ್ರಿ ಎಲ್ಲರೆದುರು ನಿನ್ನನ್ನು “ಕಂಡೋರ ಕೊಳೆ ಒಗೆಯೋಳ ಮಗ” ಅಂದನಂತೆ, ನೀನು ಕಬ್ಬಿಣದ ಸರಳು ಎತ್ತಿ ಅವನ ಕೈ ಮುರಿದೆಯಂತೆ. ಅಲ್ಲ ಕಣೋ, ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕಂಡವರ ಕೊಳೆ ಒಗೆದೇ ನಿನ್ನನ್ನು ಸಾಕಿದ್ದು. ನನಗೇ ಆಗದ ಅವಮಾನ ನಿನಗೆ ಆಗಿಬಿಟ್ಟಿತಾ? ನನ್ನ ಹೆಸರು ಹೇಳಿಕೊಂಡು ಕೈ ಎತ್ತುವ ಮುಂಚೆ ನನ್ನನ್ನು ಒಂದು ಮಾತು ಕೇಳಿದೆಯಾ?

ಈಗ ಕೇಳು. ನಿನ್ನೆ ಅದೇ ಮೇಸ್ತ್ರಿ ಲಾಂಡ್ರಿಗೆ ಬಂದ. ಬಲಗೈಗೆ ಬೆರಳಿನಿಂದ ಮೊಣಕೈ ಮೇಲಿನವರೆಗೂ ಪ್ಲಾಸ್ಟರ್. ನಾನು ಚರ್ಚಿನ ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆಯನ್ನು ಇಸ್ತ್ರಿ ಮಾಡುತ್ತಿದ್ದೆ. ಅಂಗಿಯೊಂದನ್ನು ಮೇಜಿನ ಮೇಲೆ ಎಸೆದ. “ತೋಳು ತೂರಲ್ಲ. ಉದ್ದಕ್ಕೆ ಬಿಚ್ಚಿ ಗುಂಡಿ ಹೊಲಿದುಕೊಡು. ಎಲ್ಲಾ ನಿನ್ನ ಮಗನ ಕೃಪೆ. ಅಪ್ಪ ಇಲ್ಲದವನನ್ನ ಹಿಂಗಾ ಬೆಳೆಸೋದು?” ಅಂದ.

ಆಗ ನನಗೆ ಬಂದ ಕೋಪ ಇದೆಯಲ್ಲ, ಅದರ ಮುಂದೆ ನಿನ್ನದು ಯಾವ ಲೆಕ್ಕ! ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ, ಅವನ ಮುಖ ಒಂದು ಮೊಳ ದೂರ. ಇನ್ನೊಂದು ಕೆನ್ನೆ ಕೊಡು ಎಂದು ಸ್ವಾಮಿ ಹೇಳಿದ್ದು ಬರಿಗೈಯವರಿಗೆ ಇರಬೇಕು ಎಂದುಕೊಂಡೆ, ದೇವರು ಕ್ಷಮಿಸಲಿ. “ಯೇಸುವೇ, ನನ್ನ ಕೈ ಹಿಡ್ಕೋ” ಎನ್ನುತ್ತಾ ಪೆಟ್ಟಿಗೆ ಮೇಲೇಳದ ಹಾಗೆ ಎರಡೂ ಕೈಯಿಂದ ಅದುಮಿ ಹಿಡಿದೆ. ಸುಟ್ಟ ವಾಸನೆ ಬಂದಾಗಲೇ ಎಚ್ಚರವಾದದ್ದು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು, ಬಲಿಪೀಠದ ಬಟ್ಟೆಯ ನಟ್ಟನಡುವೆ ಕಂದು ಮುದ್ರೆ ಒತ್ತಿಬಿಟ್ಟೆ! ಮೇಸ್ತ್ರಿ ಅದನ್ನು ನೋಡಿದ, ನನ್ನನ್ನು ನೋಡಿದ. ಅವನಿಗೂ ಅರ್ಥವಾಯಿತೇನೋ, ಅಂಗಿ ಅಲ್ಲೇ ಬಿಟ್ಟು ಹೊರಟುಹೋದ.

ಬಟ್ಟೆ ಹಿಡಿದುಕೊಂಡು ಫಾದರ್ ಹತ್ತಿರ ಓಡಿದೆ. ಹೊಸದು ನಾನೇ ತಂದುಕೊಡುತ್ತೇನೆ ಎಂದೆ. ಎಲ್ಲ ಕೇಳಿದ ಮೇಲೆ ಆ ಮನುಷ್ಯ, “ಬೇಡಮ್ಮ. ಮುಖದ ಮೇಲೆ ಬೀಳಬೇಕಾದ್ದು ಬಟ್ಟೆ ಮೇಲೆ ಬಿದ್ದಿದೆ. ನಾಡಿದ್ದು ಭಾನುವಾರ ಇದನ್ನೇ ಹಾಸ್ತೀನಿ” ಅಂದುಬಿಟ್ಟರು. ಊರೆಲ್ಲ ನೋಡಲಿ ಅಂತಲೋ ಏನೋ! ಅವರ ಮೇಲೂ ಸಿಟ್ಟು ಬಂತು.

ನನ್ನನ್ನು ಮಹಾ ಸಾಧು ಅಂತ ತಿಳಿಯಬೇಡ. ಕೋಪ ಇನ್ನೂ ಹೋಗಿಲ್ಲ. ಅವನ ಮೇಲಿದೆ, ನಿನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಹಲ್ಲು ಕಚ್ಚಿಕೊಂಡೇ ಅವನ ಅಂಗಿಯ ತೋಳು ಬಿಚ್ಚಿದೆ, ಗುಂಡಿ ಹೊಲಿದೆ. ಅವನಿಗಾಗಿ ಪ್ರಾರ್ಥಿಸಲು ಕೂತರೆ ಬಾಯಿಗೆ ಬೈಗುಳವೇ ಬರುತ್ತದೆ. ಬೈದು ಮುಗಿಸಿ, ಆಮೇಲೆ ಪ್ರಾರ್ಥಿಸುತ್ತೇನೆ. ಆದರೆ ಕೈ ಎತ್ತಲಿಲ್ಲ. ನನ್ನ ಕೈಲಿ ಆದದ್ದು ನಿನ್ನ ಕೈಲೇಕೆ ಆಗಲಿಲ್ಲ?

ಕಂಬಳಿ ಚೆನ್ನಾಗಿ ಹೊದ್ದುಕೋ. ಕೆಮ್ಮಿಗೆ ಬಿಸಿನೀರು ಕೇಳು, ಜಗಳವಾಡದೆ ಕೇಳು. ಪ್ರಭು ನಿನ್ನ ನೆತ್ತಿಯ ಮೇಲೆ ಕೈಯಿಡಲಿ, ನಿನ್ನ ಮುಷ್ಟಿಯ ಮೇಲೂ ಇಡಲಿ.

ಕಂಡವರ ಕೊಳೆ ಒಗೆಯುವ
ನಿನ್ನ ಅಮ್ಮ

ತಾ.ಕ.: ಬೈಯುವ ಭರದಲ್ಲಿ ಮುಖ್ಯವಾದದ್ದನ್ನೇ ಬಿಟ್ಟೆ. ಗುರುವಾರ ನೇರ ಮನೆಗೆ ಹೋಗುವಂತಿಲ್ಲ. ಜೈಲಿನ ಬಾಗಿಲಲ್ಲಿ ಮೇಸ್ತ್ರಿಯ ಅಂಗಿ ಹಿಡಿದು ನಿಂತಿರುತ್ತೇನೆ. ಅದನ್ನು ಅವನ ಮನೆಗೆ ನೀನೇ ಒಯ್ಯಬೇಕು, ತಪ್ಪಾಯಿತು ಅನ್ನಬೇಕು. ಬೈದರೆ ಬೈಸಿಕೋ. ನನ್ನ ಮಂಡಿ ನೋಯುತ್ತಿದ್ದರೂ ಬೀದಿಯಲ್ಲಿ ಕಾಯುತ್ತೇನೆ. ಆ ತೋಳಿನ ಗುಂಡಿಗಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳಲು ಅವನಿಗೆ ಆಗುವುದಿಲ್ಲ. ನೀನೇ ಹಾಕಿ ಬಾ.